ಚಹದ ಎಲೆಯಲ್ಲಿ ಶರ್ಕರಮಾಲೆ



ಸಂಸ್ಕೃತದಲ್ಲಿ ‘ಶರ್ಕರಾ’ ಎಂಬ ಶಬ್ದಕ್ಕೆ ಹರಳು ಎಂಬ ಅರ್ಥವೂ ಸಕ್ಕರೆ ಎಂಬ ಅರ್ಥವೂ ಉಂಟು. ಈ ಶಬ್ದದ ಸಂತತಿಯೇ ಗ್ರೀಕರ ನಾಡನ್ನು ಹೊಕ್ಕು, ಪಾಶ್ಚಾತ್ಯ ರಸಾಯನಶಾಸ್ತ್ರದಲ್ಲಿ ಬೆಳೆದು, ‘ಪಾಲಿಸ್ಯಾಕರೈಡ್’ ಎಂಬ ವೇಷದಿಂದ ನಮ್ಮ ಬಳಿಗೆ ಹಿಂದಿರುಗಿದೆ. ನಾವು ಅದನ್ನು ಬಹುಶರ್ಕರವೆನ್ನೋಣ. ಅನೇಕ ಸಕ್ಕರೆಯ ಅಣುಗಳು ಹಾರದ ಮಣಿಗಳಂತೆ ಒಂದಕ್ಕೊಂದು ಕೂಡಿಕೊಂಡರೆ ಅದೇ ಬಹುಶರ್ಕರ.

ಮಣಿಗಳು ಒಂದೇ ಆದರೂ ಪೋಣಿಸುವ ರೀತಿ ಬೇರೆಯಾದರೆ ಗುಣವೂ ಬೇರೆಯಾಗುವುದು. ಜನ್ನಾಪುರದವರಾದ ನಮಗೆ ಇದಕ್ಕೆ ದೂರದ ದೃಷ್ಟಾಂತ ಬೇಕಿಲ್ಲ. 1936ರಲ್ಲಿ ಭದ್ರಾವತಿಯಲ್ಲಿ ಸ್ಥಾಪಿತವಾಗಿ, ಈಗ ಕೆಲಸ ನಿಂತಿರುವ ಮೈಸೂರು ಕಾಗದದ ಕಾರ್ಖಾನೆಯು ಬಿದಿರಿನಿಂದಲೂ ಕಬ್ಬಿನ ಸಿಪ್ಪೆಯಿಂದಲೂ ಕಾಗದವನ್ನು ತಯಾರಿಸುತ್ತಿತ್ತು. ಕಾಗದದ ಸಾರವಾದ ಸೆಲ್ಯುಲೋಸೂ ಅನ್ನದ ಸಾರವಾದ ಪಿಷ್ಟವೂ ಗ್ಲೂಕೋಸೆಂಬ ಒಂದೇ ಮಣಿಯ ಸರಗಳು. ಪಿಷ್ಟದಲ್ಲಿ ಮಣಿಗಳೆಲ್ಲವೂ ಒಂದೇ ಮುಖವಾಗಿರುವುವು. ಸೆಲ್ಯುಲೋಸಿನಲ್ಲಿ ಒಂದು ಬಿಟ್ಟು ಒಂದು ಮಗುಚಿರುವುವು. ಇಷ್ಟೇ ಭೇದದಿಂದ ಅನ್ನವು ನಮಗೆ ಜೀರ್ಣವಾಗುವುದು, ಕಾಗದವು ಆಗದು.

ನೆರೆಯ ಚಿಕ್ಕಮಗಳೂರು ಜಿಲ್ಲೆಯ ಕೆಳಗೂರಿನಲ್ಲಿಯೂ ಬೆಳೆಯುವ ಚಹದ ಎಲೆಯಲ್ಲಿ ಸೆಲ್ಯುಲೋಸಲ್ಲದೆ, ಬಿಸಿನೀರಿನಲ್ಲಿ ಕರಗುವ ಬೇರೊಂದು ಬಗೆಯ ಬಹುಶರ್ಕರವೂ ಉಂಟು. ಇದು ಒಂದೇ ಜಾತಿಯ ಮಣಿಗಳ ಸರವಲ್ಲ. ಗ್ಲೂಕೋಸ್, ಗ್ಯಾಲಕ್ಟೋಸ್, ಅರಬಿನೋಸ್, ರ‍್ಯಾಮ್ನೋಸ್ ಎಂಬ ಸಕ್ಕರೆಗಳೂ ಗ್ಯಾಲಕ್ಟುರಾನಿಕ್ ಆಮ್ಲವೂ ಇದರಲ್ಲಿ ಬೆರೆತಿರುವುವು. ಅನೇಕ ವೇಳೆ ಪ್ರೋಟೀನೂ ಅಂಟಿಕೊಂಡಿರುವುದು. ಸರಕ್ಕೆ ಅಲ್ಲಲ್ಲಿ ಕವಲುಗಳೂ ಇರುವುವು. ಎಳೆಯ ಕುಡಿಗಿಂತ ಬಲಿತ ಎಲೆಯಲ್ಲಿ ಇದು ಹೆಚ್ಚು. ಎಲೆಯ ಬಗೆ, ವಯಸ್ಸು, ಹದಮಾಡಿದ ಕ್ರಮ, ಇವು ಬದಲಾದಂತೆ ಮಣಿಗಳ ಪ್ರಮಾಣವೂ ಬದಲಾಗುವುದು.

ಚೀನಾ ಜಪಾನುಗಳಲ್ಲಿ ಬಲಿತ ಎಲೆಯ ಚಹವನ್ನು ಮಧುಮೇಹಕ್ಕೆ ಕೊಡುವ ರೂಢಿಯುಂಟು. ಈ ಬಹುಶರ್ಕರವನ್ನು ಬೇರ್ಪಡಿಸಿ ಪ್ರಾಣಿಗಳಿಗೆ ಕೊಟ್ಟು ನೋಡಿದ ಪ್ರಯೋಗಗಳಲ್ಲಿ ರಕ್ತದ ಸಕ್ಕರೆ ತಗ್ಗಿದುದೂ ಉಂಟು. ಇಷ್ಟನ್ನೇ ಕೇಳಿ, ವೈದ್ಯರು ಕೊಟ್ಟ ಮಾತ್ರೆಯನ್ನು ಬಿಟ್ಟು ಚಹವನ್ನೇ ನಂಬುವುದು ಅಪಾಯಕರವಾದುದು. ಪ್ರಯೋಗಶಾಲೆಯಲ್ಲಿ ಶುದ್ಧಿಮಾಡಿ ಅಳೆದು ಕೊಟ್ಟ ಸಾರವೇ ಬೇರೆ. ಬಟ್ಟಲಿಗೆ ಇಳಿಯುವ ಅಲ್ಪಾಂಶವೇ ಬೇರೆ. ಮನುಷ್ಯರಲ್ಲಿ ಅದು ಔಷಧವೆಂದು ಸಿದ್ಧಪಟ್ಟಿಲ್ಲ.

ಆದರೆ ನಾವು ಮೇಲಿನಿಂದ ಹಾಕುವ ಸಕ್ಕರೆಯ ಲೆಕ್ಕವು ಸ್ಪಷ್ಟವಾದುದು. ಅದು ಎರಡೇ ಮಣಿಗಳ ಜೋಡಿ. ಬಹುಬೇಗನೆ ಬಿಡಿಯಾಗಿ ರಕ್ತವನ್ನು ಸೇರುವುದು. ಚಮಚಕ್ಕೆ ಸುಮಾರು 4 ಗ್ರಾಮಿನಂತೆ, ಬಟ್ಟಲಿಗೆ 2 ಚಮಚ ಹಾಕಿ ದಿನಕ್ಕೆ 3 ಬಟ್ಟಲು ಕುಡಿದರೆ 24 ಗ್ರಾಮಾಯಿತು. ಆರೋಗ್ಯವಂತರಿಗೂ ದಿನಕ್ಕೆ ಸುಮಾರು 25 ಗ್ರಾಮಿನೊಳಗೆ ಇದ್ದರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಸೂಚಿಸಿತು. ಎಲೆಯೊಳಗಿನ ಶರ್ಕರಮಾಲೆಯ ಗುಣವನ್ನು ಪಂಡಿತರು ಪರೀಕ್ಷಿಸುತ್ತಿರಲಿ. ಔಷಧದ ಮಾತು ವೈದ್ಯರಿಗಿರಲಿ. ಚಮಚದ ಅಳತೆಯು ಮಾತ್ರ ನಮ್ಮ ನಮ್ಮ ಕೈಯಲ್ಲಿಯೇ ಇದೆ.