ವಠಾರ ಒಂದು, ಬಾಡಿಗೆ ಯಾರಿಗೆ?

ಗಿರಣಿಯ ಕಚೇರಿಯಲ್ಲಿ ಹಾಜರಿ ಲೆಕ್ಕಕ್ಕೊಂದು ಕಂಪ್ಯೂಟರ್, ದಾಸ್ತಾನಿಗೊಂದು, ಕಿರ್ದಿ-ಖಾತೆಗೊಂದು. ಸರ್ವರ್ ಎಂದು ಕರೆಯುವ ಈ ಯಂತ್ರಗಳು ಹಗಲಿರುಳೂ ಓಡುತ್ತವೆ. ಆದರೆ ಒಂದೇ ಕೆಲಸಕ್ಕೆ ಕಟ್ಟಿಹಾಕಿದ ಯಂತ್ರ ದುಡಿಯುವುದು ತನ್ನ ಶಕ್ತಿಯ ನೂರಕ್ಕೆ ಹತ್ತು ಹದಿನೈದು ಪಾಲು ಮಾತ್ರವೆಂಬುದು ಆ ಕಸುಬಿನವರ ಬಹುಕಾಲದ ಅನುಭವ. ಉಳಿದ ಹೊತ್ತೆಲ್ಲ ವಿದ್ಯುತ್ತು ತಿನ್ನುತ್ತ, ಕೋಣೆಯನ್ನು ಕಾಯಿಸುತ್ತ, ಆ ಕಾವನ್ನು ಇಳಿಸಲು ಮತ್ತೊಂದು ಯಂತ್ರವನ್ನು ಬೇಡುತ್ತ ಕೂತಿರುತ್ತವೆ. ಕೆಲಸಗಾರ ಐದು ನಿಮಿಷ ಬೀಡಿ ಸೇದಿದರೆ ನೋಟೀಸು ಕೊಡುವ ಮ್ಯಾನೇಜರು ಈ ಸೋಮಾರಿಗಳನ್ನು ಮಾತ್ರ ಮುದ್ದಿನಿಂದ ಸಾಕುತ್ತಾರೆ!

ಇದಕ್ಕೆ ಮದ್ದುಂಟು. ಹೆಸರು ವರ್ಚುವಲೈಸೇಷನ್. ಒಂದು ದೊಡ್ಡ ಮನೆಯನ್ನು ವಠಾರ ಮಾಡಿದಂತೆ, ಬಲವಾದ ಒಂದೇ ಯಂತ್ರವನ್ನು ಹೈಪರ್‌ವೈಸರ್ ಎಂಬ ತಂತ್ರಾಂಶ ಹಲವು ಕೋಣೆಗಳಾಗಿ ಹಂಚುತ್ತದೆ. ಒಂದೊಂದು ಕೋಣೆಯೂ ತಾನೇ ಒಂದು ಕಂಪ್ಯೂಟರಿನಂತೆ ನಡೆಯುವುದು. ಒಂದರಲ್ಲಿ ಲೆಕ್ಕ ಕೆಟ್ಟರೆ ಪಕ್ಕದ ಕೋಣೆಯ ಒಲೆ ಆರದು. ಇನ್ನೂ ದೊಡ್ಡ ಅನುಕೂಲವೆಂದರೆ, ಇಡೀ ಕೋಣೆಯನ್ನೇ ನಕಲು ಮಾಡಿಟ್ಟು ಬೇರೊಂದು ಯಂತ್ರದ ಮೇಲೆ ಎಬ್ಬಿಸಬಹುದು. "ಹಾಜರಿ ಯಂತ್ರ ಕೆಟ್ಟಿದೆ, ಪಗಾರ ಸೋಮವಾರ" ಎಂಬ ನೆಪ ಇನ್ನು ನಡೆಯಬಾರದು. ಆದರೆ ಎರಡನೆಯ ಯಂತ್ರ ಇರಲೇಬೇಕು. ಇದ್ದ ಒಂದೇ ಯಂತ್ರ ಬಿದ್ದರೆ ವಠಾರವೆಲ್ಲ ಬೀದಿಗೆ. ಮಾರಲು ಬರುವವರು ಈ ಮಾತನ್ನು ಮೆಲ್ಲಗೆ ಹೇಳುತ್ತಾರೆ.

ವಿದ್ಯೆ ಹೊಸದಲ್ಲ. ಐಬಿಎಂ ಕಂಪನಿ 1960ರ ದಶಕದಲ್ಲೇ ತನ್ನ ಭಾರಿ ಯಂತ್ರಗಳಲ್ಲಿ ಇದನ್ನು ಸಾಧಿಸಿತ್ತು. ಸಾಧಾರಣ ಯಂತ್ರಗಳಿಗೆ ಇದನ್ನು ತಂದು ಹೆಸರಾದದ್ದು 1998ರಲ್ಲಿ ಹುಟ್ಟಿದ ವಿಎಂವೇರ್. ಲೋಕದ ಕಚೇರಿಗಳೆಲ್ಲ ಅದಕ್ಕೆ ಒಗ್ಗಿಕೊಂಡವು. 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ಕಂಪನಿ ಅದನ್ನು ಕೊಂಡಿತು. ಮರುತಿಂಗಳೇ, ಒಮ್ಮೆ ಕೊಂಡು ಸದಾ ಬಳಸುವ ಪರವಾನಗಿಯ ಮಾರಾಟ ನಿಂತಿತು. ಇನ್ನು ಅವಧಿಗಿಷ್ಟು ಬಾಡಿಗೆ ಮಾತ್ರ! ಪ್ರೊಸೆಸರಿನಲ್ಲಿ 8 ಕೋರ್ ಇದ್ದವನೂ 16ಕ್ಕೆ ತೆರಬೇಕು. ಅಮೆರಿಕದ ದೈತ್ಯ ಫೋನ್ ಕಂಪನಿ ಎಟಿ ಅಂಡ್ ಟಿ 2024ರಲ್ಲಿ ಇವರ ಮೇಲೆ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಹೀಗಿರುವಲ್ಲಿ ಪೇಟೆಬೀದಿಯ ವ್ಯಾಪಾರಿಯ ಪಾಡೇನು?

ದಾರಿ ಇಲ್ಲದಿಲ್ಲ. ಕೆವಿಎಂ ಎಂಬ ಹೈಪರ್‌ವೈಸರ್ 2007ರಿಂದ ಲಿನಕ್ಸ್‌ನ ಅಂಗವೇ ಆಗಿದೆ. ಅದಕ್ಕೆ ಪರವಾನಗಿಯ ದುಡ್ಡಿಲ್ಲ. ಅದರ ಒಳಗನ್ನು ಯಾರೂ ಓದಬಹುದು, ತಿದ್ದಬಹುದು. ಖರ್ಚೆಲ್ಲ ತಿಳಿದ ಕೈಗೆ. ಒಬ್ಬ ಅಂಗಡಿಕಾರನಿಗೆ ಆ ಕೈಯನ್ನು ಸಾಕಲಾಗದು, ಇಪ್ಪತ್ತು ಜನ ಕೂಡಿದರೆ ಆದೀತು. ನಮ್ಮ ವರ್ತಕರು ಸಹಕಾರ ಸಂಘದ ಮೂಲಕ ಎರಡು ಯಂತ್ರ ಕೊಂಡು, ಅಂಗಡಿಗೊಂದು ಕೋಣೆ ಮಾಡಿಕೊಂಡು, ಊರಿನ ಕಲಿತ ಹುಡುಗನೊಬ್ಬನಿಗೆ ಸರಿಯಾದ ಸಂಬಳ ಕೊಟ್ಟು ಏಕೆ ನಡೆಸಬಾರದು? ವಠಾರ ನೋಡಿಕೊಳ್ಳುವವನ ಬಳಿ ಎಲ್ಲ ಕೋಣೆಗಳ ಬೀಗದ ಕೈ ಇರುತ್ತದೆಂಬುದು ನಿಜ. ಆದ್ದರಿಂದಲೇ ಅವನು ಯಾವ ಒಬ್ಬ ಸಾಹುಕಾರನಿಗೂ ಅಲ್ಲ, ಸಂಘಕ್ಕೆ ಉತ್ತರ ಹೇಳುವವನಾಗಿರಬೇಕು.

ಗಿರಣಿಯ ಮಾತೇ ಬೇರೆ. ಹತ್ತು ಯಂತ್ರದ ಜಾಗದಲ್ಲಿ ಎರಡು ನಿಂತರೆ ಅವನ್ನು ನೋಡಿಕೊಳ್ಳುತ್ತಿದ್ದ ಹುಡುಗರಲ್ಲಿ ಕೆಲವರಿಗೆ ಕೆಲಸವಿಲ್ಲವೆಂದು ಮಾಲೀಕರು ಹೇಳಿಯಾರು. ಅವರಿಗೆ ಹೊಸ ಕೆಲಸ ಕಲಿಸಿ ಉಳಿಸಿಕೊಳ್ಳುವ ಕರಾರು ಯಂತ್ರ ಬರುವ ಮುಂಚೆಯೇ ಆಗತಕ್ಕದ್ದು. ಮುಂದಿನ ಬೋನಸ್ ಮಾತುಕತೆಗೆ ಕೂರುವಾಗ ಕಚೇರಿಯ ಹಳೆಯ, ಹೊಸ ವಿದ್ಯುತ್ ಬಿಲ್ಲುಗಳೆರಡನ್ನೂ ಮೇಜಿನ ಮೇಲಿಡುವಂತೆ ನಮ್ಮ ಪ್ರತಿನಿಧಿಗಳು ಕೇಳಲಿ.