ಫ್ರಿಜ್ಜಿನ ಗ್ಯಾಸು ಮುಗಿಯಿತೇ?

ಸಂಜೆ ರುಬ್ಬಿ, ರಾತ್ರಿಯೇ ಫ್ರಿಜ್ಜಿನೊಳಗಿಟ್ಟ ದೋಸೆಹಿಟ್ಟು ಮರುದಿನ ಮಧ್ಯಾಹ್ನಕ್ಕೇ ಮೂಗಿಗಡರುವಷ್ಟು ಹುಳಿಯಾಗಿದ್ದರೆ, ಗೃಹಿಣಿಗೆ ಬೇರೆ ಯಾವ ಸೂಚನೆಯೂ ಬೇಕಿಲ್ಲ. ಹಾಲು ಒಡೆಯುವುದಕ್ಕೂ ಸೊಪ್ಪು ಬಾಡುವುದಕ್ಕೂ ಮುಂಚೆಯೇ ಹಿಟ್ಟು ಸುದ್ದಿ ಹೇಳಿಬಿಡುತ್ತದೆ.

ಎನ್. ಆರ್. ಕಾಲೊನಿಯ ಮಗ್ಗುಲಿನ ತ್ಯಾಗರಾಜನಗರದಲ್ಲಿ ಏಪ್ರಿಲ್ ತಿಂಗಳ ಒಂದು ದಿನ ಇಂಥ ಸುದ್ದಿ ಬಂದ ಮನೆಯೊಂದನ್ನು ಕಣ್ಮುಂದೆ ತಂದುಕೊಳ್ಳಬಹುದು. ಅಲ್ಲಿ ಹಿಟ್ಟಿಗಿಂತ ಹೆಚ್ಚಿನ ಚಿಂತೆಯೊಂದಿತ್ತು. ಅತ್ತೆಯವರ ಇನ್ಸುಲಿನ್ ಶೀಷೆಗಳು ಅದೇ ಪೆಟ್ಟಿಗೆಯ ಬಾಗಿಲಿನಲ್ಲಿದ್ದುವು. ಸೊಸೆ ಗಾಬರಿಯಿಂದ ರಿಪೇರಿಯವನನ್ನು ಕರೆಸಿದಳು. ಆತ ಯಂತ್ರದ ಹಿಂಬದಿಗೆ ಕೈ ಚಾಚಿ, ಕಪ್ಪು ಜಾಲರಿಯನ್ನು ಮುಟ್ಟಿ, "ಅಬ್ಬಾ, ಏನು ಬಿಸಿ!" ಎಂದು ಕೈ ಹಿಂದೆಗೆದ. ಬಳಿಕ, "ಗ್ಯಾಸ್ ಖಾಲಿಯಾಗಿದೆ ಅಮ್ಮ, ತುಂಬಿಸಬೇಕು" ಎಂದು ತೀರ್ಪಿತ್ತು, ಸಾವಿರಗಳ ಲೆಕ್ಕ ಹೇಳಿದ. ಒಳಗಿನಿಂದ ಅತ್ತೆಯವರು ಕೇಳಿದರು: "ಹೋದ ವರ್ಷ ತಾನೇ ತುಂಬಿಸಿದೆವಲ್ಲಪ್ಪ, ಅದೆಲ್ಲಿ ಹೋಯಿತು?"

ಈ ಪ್ರಶ್ನೆಗೆ ಆತನಲ್ಲಿ ಉತ್ತರವಿರಲಿಲ್ಲ. ಫ್ರಿಜ್ಜಿನ ವಿಷಯದಲ್ಲಿ ಇದಕ್ಕಿಂತ ಬೆಲೆಯುಳ್ಳ ಪ್ರಶ್ನೆ ಇನ್ನೊಂದಿಲ್ಲ.

ಅಡಿಗೆಯ ಗ್ಯಾಸು ಉರಿದು ಮುಗಿಯುತ್ತದೆ. ಫ್ರಿಜ್ಜಿನ ಗ್ಯಾಸು ಉರಿಯುವುದೂ ಇಲ್ಲ, ಸವೆಯುವುದೂ ಇಲ್ಲ. ಮುಚ್ಚಿದ ಕೊಳವೆಯೊಳಗೆ ಸುತ್ತಿ ಸುತ್ತಿ ಬರುತ್ತದೆ. ಮಣ್ಣಿನ ಹೂಜಿಯನ್ನು ಬಲ್ಲವರಿಗೆ ಇದರ ಮರ್ಮ ಹೊಸದಲ್ಲ. ಹೂಜಿಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಸೆಳೆದುಕೊಂಡು ಹೋಗುತ್ತದೆ. ಆ ಆವಿ ಗಾಳಿಗೆ ಸೇರಿಹೋಗುವುದರಿಂದ ಹೂಜಿಗೆ ಮತ್ತೆ ಮತ್ತೆ ನೀರು ತುಂಬಬೇಕು. ಫ್ರಿಜ್ಜಿನಲ್ಲಾದರೋ ಆವಿಯನ್ನು ಹಿಡಿದು, ಮತ್ತೆ ದ್ರವವಾಗಿಸಿ, ಪುನಃ ಕೆಲಸಕ್ಕೆ ಹಚ್ಚುವ ಏರ್ಪಾಡುಂಟು. ತಳದಲ್ಲಿ ಗುಂಯ್‌ಗುಡುವ ಕರಿಯ ಗುಂಡಿಗೆಯೇ ಕಂಪ್ರೆಸರ್. ಅದು ಆವಿಯನ್ನು ಒತ್ತಿ ಬಿಸಿಯೇರಿಸಿ ಹಿಂಬದಿಯ ಜಾಲರಿಗೆ ನೂಕುತ್ತದೆ. ಆ ಜಾಲರಿಯ ಹೆಸರು ಕಂಡೆನ್ಸರ್. ಅಲ್ಲಿ ಶಾಖವನ್ನು ಕೋಣೆಯ ಗಾಳಿಗೆ ಬಿಟ್ಟು ಗ್ಯಾಸು ದ್ರವವಾಗುತ್ತದೆ. ಮುಂದೆ ಕೂದಲೆಳೆಯಂಥ ಸಣ್ಣ ಕೊಳವೆಯಲ್ಲಿ ನುಸುಳಿ, ಮಂಜುಗಡ್ಡೆಯ ಅರೆಯ ಸುತ್ತಣ ಇವಾಪರೇಟರಿನಲ್ಲಿ ಮತ್ತೆ ಆವಿಯಾಗಿ, ಅಲ್ಲಿದ್ದ ಪದಾರ್ಥಗಳ ಶಾಖವನ್ನು ಹೀರುತ್ತದೆ. ಸಾಕಷ್ಟು ತಂಪಾಯಿತೆಂದಾಗ ಕಂಪ್ರೆಸರನ್ನು ನಿಲ್ಲಿಸಿ, ಬಿಸಿಯೇರಿದಾಗ ಎಬ್ಬಿಸುವ ಕಾವಲುಗಾರನಿಗೆ ಥರ್ಮೋಸ್ಟ್ಯಾಟ್ ಎಂದು ಹೆಸರು.

ಈ ಸುತ್ತಿನಲ್ಲಿರುವ ಗ್ಯಾಸಾದರೂ ಎಷ್ಟು? ಇಂದಿನ ಮನೆಬಳಕೆಯ ಅನೇಕ ಫ್ರಿಜ್ಜುಗಳಲ್ಲಿ ನೂರು ಗ್ರಾಮಿಗಿಂತಲೂ ಕಡಿಮೆ. ಅದು ಕಡಿಮೆಯಾಗಿದ್ದರೆ ಎಲ್ಲಿಯೋ ತೂತಾಗಿದೆಯೆಂದೇ ಅರ್ಥ: ಬೆಸುಗೆ ಬಿಟ್ಟಿರಬಹುದು, ಕೊಳವೆಗೆ ತುಕ್ಕು ಹಿಡಿದಿರಬಹುದು, ಇಲ್ಲವೆ ಕಟ್ಟಿಕೊಂಡ ಹಿಮವನ್ನು ಚಾಕುವಿನಿಂದ ಕೆತ್ತಿದ ಆತುರಕ್ಕೆ ಅಲ್ಯುಮಿನಿಯಮ್ ತಗಡು ತೂತಾಗಿರಬಹುದು. ತೂತನ್ನು ಹುಡುಕಿ ಮುಚ್ಚದೆ ಗ್ಯಾಸು ತುಂಬುವುದೆಂದರೆ ಒಡಕು ಕೊಡಕ್ಕೆ ನೀರು ಹೊಯ್ದಂತೆ. ಮುಂದಿನ ಬೇಸಗೆಗೆ ಅದೇ ಮಾತು, ಅದೇ ಲೆಕ್ಕ.

ಇನ್ನು, ಆತ ಕೈ ಹಿಂದೆಗೆದ ಸಂಗತಿ. ಗ್ಯಾಸು ನಿಜವಾಗಿಯೂ ಸೋರಿಹೋಗಿದ್ದರೆ ಕಂಪ್ರೆಸರ್ ಬಿಡುವಿಲ್ಲದೆ ಓಡಿದರೂ ಜಾಲರಿ ಹೆಚ್ಚೇನೂ ಬಿಸಿಯಾಗದು. ಒಳಗಿನ ಅರೆಯಲ್ಲಿ ಎಲ್ಲೋ ಒಂದು ಮೂಲೆಯಲ್ಲಿ ಮಾತ್ರ ಹಿಮ ಕಟ್ಟಿ ಉಳಿದೆಡೆ ಬರಿದಾಗಿರುತ್ತದೆ. ಜಾಲರಿ ಸುಡುತ್ತಿದ್ದರೆ, ಗ್ಯಾಸು ತನ್ನ ಕೆಲಸ ಮಾಡುತ್ತಿದೆ, ಹೊತ್ತು ತಂದ ಶಾಖವನ್ನು ಇಳಿಸಲು ಮಾತ್ರ ಜಾಗವಿಲ್ಲ ಎಂದು ಮೊದಲು ಸಂಶಯಿಸಬೇಕು. ಆ ಮನೆಯಲ್ಲಿ ಆಗಿದ್ದುದೂ ಅದೇ. ಹಳೆಯ ಮನೆಗಳನ್ನು ಕಟ್ಟುವಾಗ ಫ್ರಿಜ್ಜಿಗೆಂದು ಜಾಗ ಬಿಡುವ ವಾಡಿಕೆ ಇರಲಿಲ್ಲ. ಗೋಡೆಗೆ ಬಣ್ಣ ಹೊಡೆಸುವಾಗ ಪಕ್ಕಕ್ಕೆ ಸರಿಸಿದ ಪೆಟ್ಟಿಗೆ ಮಹಡಿಮೆಟ್ಟಿಲಿನ ಕೆಳಗಿನ ಸಂದಿಯಲ್ಲಿಯೇ ನೆಲೆಯಾಗಿತ್ತು. ಬೆನ್ನು ಗೋಡೆಗೆ ಅಂಟಿತ್ತು, ನೆತ್ತಿಯ ಮೇಲೆ ಹಳೆಯ ಪತ್ರಿಕೆಗಳ ಕಟ್ಟು ಇತ್ತು, ಜಾಲರಿಯ ತುಂಬ ಬೂದುಬಣ್ಣದ ಧೂಳು ಹತ್ತಿಯಂತೆ ಕುಳಿತಿತ್ತು. ಬೆಂಗಳೂರನ್ನು ತಂಪಿನ ಊರೆಂದು ಹೊಗಳುವುದು ರೂಢಿಯಾದರೂ 2016ರ ಏಪ್ರಿಲಿನಲ್ಲಿ ಇಲ್ಲಿಯ ಉಷ್ಣಮಾನ 39.2 ಡಿಗ್ರಿ ಸೆಲ್ಸಿಯಸ್ಸಿಗೆ ಏರಿದ್ದುಂಟು. ಅಂಥ ಬೇಸಗೆಯಲ್ಲಿ ಗಾಳಿಯಾಡದ ಸಂದಿಯೊಳಗಿಟ್ಟ ಯಂತ್ರ ಬೇರೆ ಏನು ಮಾಡೀತು?

ಪ್ಲಗ್ಗನ್ನು ಕಿತ್ತ ಮೇಲೆಯೇ ಹಿಂಬದಿಗೆ ಕೈ ಹಾಕಬೇಕು. ಮೆತ್ತನೆಯ ಬ್ರಷ್ಷಿನಿಂದ ಧೂಳನ್ನು ಜಾಡಿಸಿ, ಗೋಡೆಗೂ ಜಾಲರಿಗೂ ನಡುವೆ ಒಂದು ಗೇಣಿನ ಅರ್ಧದಷ್ಟಾದರೂ ಅಂತರ ಬಿಟ್ಟರೆ ಸಾಕು. ಹೊಸ ಮಾದರಿಗಳಲ್ಲಿ ಜಾಲರಿ ಹೊರಗೆ ಕಾಣದೆ ಪಕ್ಕದ ತಗಡುಗಳೊಳಗೆ ಅಡಗಿರುತ್ತದೆ. ಅಲ್ಲಿ ಮೈ ಬೆಚ್ಚಗಾಗುವುದು ದೋಷವಲ್ಲ, ಆದರೆ ಆ ಪಕ್ಕಗಳಿಗೂ ಗಾಳಿ ಬೇಕು.

ಬಾಗಿಲಿನ ಸುತ್ತಣ ರಬ್ಬರು ಪಟ್ಟಿ, ಅಂದರೆ ಗ್ಯಾಸ್ಕೆಟ್, ಇನ್ನೊಂದು ಗುಪ್ತಶತ್ರು. ಒಂದು ನೋಟನ್ನು ಬಾಗಿಲಿಗೆ ಸಿಕ್ಕಿಸಿ ಎಳೆದು ನೋಡಬೇಕು. ಬಿಗಿಯಾಗಿ ಬಂದರೆ ಸರಿ. ತಾನಾಗಿ ಜಾರಿದರೆ ಅಲ್ಲಿಂದ ಹಗಲಿರುಳೂ ಬಿಸಿಗಾಳಿ ಒಳನುಗ್ಗುತ್ತಿದೆ. ಎಷ್ಟೋ ಸಲ ಪಟ್ಟಿಯ ಮಡಿಕೆಯಲ್ಲಿ ಸಾರಿನ ಜಿಡ್ಡು ಹಿಡಿದಿರುವುದಷ್ಟೆ ಕಾರಣ. ಉಗುರುಬೆಚ್ಚನೆಯ ಸಾಬೂನು ನೀರಿನಲ್ಲಿ ಒರೆಸಿದರೆ ಮತ್ತೆ ಅಂಟುತ್ತದೆ. ಹರಿದಿದ್ದರೆ ಪಟ್ಟಿಯೊಂದನ್ನೇ ಬದಲಾಯಿಸಬಹುದು.

ಒಳಗಿನ ದೀಪ ಉರಿಯುತ್ತಿದೆ, ಕಂಪ್ರೆಸರಿನ ಸದ್ದಿಲ್ಲ. ಆಗಾಗ 'ಟಿಕ್' ಎಂದು ನಿಂತುಹೋಗುತ್ತದೆ ಎಂದಾದರೆ ಅದು ವಿದ್ಯುತ್ತಿನ ಕಡೆಯ ಮಾತು. ವೋಲ್ಟೇಜು ತಗ್ಗಿರಬಹುದು, ಇಲ್ಲವೆ ಕಂಪ್ರೆಸರಿನ ಪಕ್ಕದ ರಿಲೇ ಕೆಟ್ಟಿರಬಹುದು. ಆ ಚಿಕ್ಕ ಬಿಡಿಭಾಗಕ್ಕೆ ಕಂಪ್ರೆಸರಿನ ಬೆಲೆ ತೆರಬೇಕಾಗಿಲ್ಲ. ಕರೆಂಟು ಹೋಗಿ ಬಂದೊಡನೆ ಯಂತ್ರವನ್ನು ಎಬ್ಬಿಸದೆ ಐದು ನಿಮಿಷ ತಾಳುವುದು ಒಳ್ಳೆಯದು. ಕೊಳವೆಯೊಳಗಿನ ಒತ್ತಡ ಸಮವಾಗಲು ಅಷ್ಟು ಹೊತ್ತು ಬೇಕು.

ಫ್ರಾಸ್ಟ್-ಫ್ರೀ ಎಂಬ ಜಾತಿಯ ಫ್ರಿಜ್ಜಿನ ಕಾಯಿಲೆ ಬೇರೆ ತೆರನಾದುದು. ಅದರಲ್ಲಿ ತಂಪುಗಾಳಿಯನ್ನು ಒಂದು ಪಂಖ ಮೇಲಿನಿಂದ ಕೆಳಗೆ ಹಂಚುತ್ತದೆ. ಕಟ್ಟಿದ ಹಿಮವನ್ನು ಒಂದು ಹೀಟರು ಕಾಲಕಾಲಕ್ಕೆ ಕರಗಿಸುತ್ತದೆ. ಮೇಲೆ ಮಂಜುಗಡ್ಡೆ ಚೆನ್ನಾಗಿದ್ದು ಕೆಳಗೆ ಹಾಲು ಕೆಡುತ್ತಿದ್ದರೆ ಗಾಳಿಯ ಕಂಡಿಗೆ ಪಾತ್ರೆ ಅಡ್ಡವಿದೆಯೇ ಎಂದು ಮೊದಲು ನೋಡಬೇಕು. ಇಲ್ಲವಾದರೆ ಪದಾರ್ಥಗಳನ್ನೆಲ್ಲ ತೆಗೆದು, ಪ್ಲಗ್ಗು ಕಿತ್ತು, ಬಾಗಿಲು ತೆರೆದು ಒಂದು ಹಗಲೂ ರಾತ್ರಿಯೂ ಬಿಡಬೇಕು. ಅನಂತರ ಕೆಲವು ದಿನ ಸರಿಯಾಗಿ ನಡೆದು ಮತ್ತೆ ಮೊದಲಿನಂತಾದರೆ, ಹಿಮ ಕರಗಿಸುವ ಏರ್ಪಾಡು ಕೆಟ್ಟಿದೆಯೆಂದು ಬಹುಮಟ್ಟಿಗೆ ಹೇಳಬಹುದು. ಇಂಥಲ್ಲಿ ಗ್ಯಾಸು ತುಂಬಿಸಿದರೆ ಹಣವಷ್ಟೇ ಕರಗುತ್ತದೆ.

ಗ್ಯಾಸಿನ ಕೆಲಸ ಮಾತ್ರ ಮನೆಯವರು ಮುಟ್ಟತಕ್ಕದ್ದಲ್ಲ. ಹಿಂದೆ ಬಳಕೆಯಲ್ಲಿದ್ದ ಆರ್-12 ಎಂಬ ಗ್ಯಾಸು ಆಕಾಶದ ಓಜೋನ್ ಪದರವನ್ನು ಕೆಡಿಸುತ್ತದೆಂದು 1987ರ ಮಾಂಟ್ರಿಯಲ್ ಒಪ್ಪಂದದಿಂದ ಅದನ್ನು ಕೈಬಿಡಲು ಮೊದಲಾಯಿತು. ಆಮೇಲೆ ಬಂದುದು ಆರ್-134ಎ. ಈಗ ಬಹಳ ಕಡೆ ಬಳಸುವುದು ಆರ್-600ಎ, ಎಂದರೆ ಐಸೊಬ್ಯುಟೇನ್. ಇದು ಅಡಿಗೆಯ ಗ್ಯಾಸಿನ ಹತ್ತಿರದ ನೆಂಟ, ಕಿಡಿ ತಗುಲಿದರೆ ಉರಿಯುವಂಥದು. ಯಾವ ಗ್ಯಾಸೆಂಬುದನ್ನು ಯಂತ್ರದ ಮೇಲಿನ ಚೀಟಿಯಲ್ಲಿ ಅಚ್ಚು ಹಾಕಿರುತ್ತಾರೆ. ಬಂದವನು ಆ ಚೀಟಿಯನ್ನು ಓದದೆ ಬೆಸುಗೆಯ ದೀಪ ಹೊತ್ತಿಸಲು ಹೊರಟರೆ ಅವನನ್ನು ಅಲ್ಲಿಯೇ ತಡೆಯಬೇಕು. ಇದರಲ್ಲಿ ದಾಕ್ಷಿಣ್ಯ ಸಲ್ಲದು.

ಇನ್ನು ಔಷಧದ ವಿಚಾರ. ತೆರೆಯದ ಇನ್ಸುಲಿನ್ ಶೀಷೆಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ಸಿನ ತಂಪು ಬೇಕು. ಬಾಗಿಲಿನ ಅರೆ ತೆರೆದಾಗಲೆಲ್ಲ ಬಿಸಿಯಾಗುವ ಜಾಗ. ಮಂಜಿನ ಅರೆಯ ಹತ್ತಿರವಿಟ್ಟರೆ ಹೆಪ್ಪುಗಟ್ಟುವ ಭಯ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ನೋಡಲು ಮೊದಲಿನಂತೆಯೇ ಕಂಡರೂ ಬಳಸಲಾಗದು. ನಡುವಣ ಅರೆಯೇ ತಕ್ಕ ಸ್ಥಳ. ಒಂದು ಲೋಟ ನೀರಿನಲ್ಲಿ ಥರ್ಮಾಮೀಟರನ್ನು ಮುಳುಗಿಸಿ ರಾತ್ರಿಯೆಲ್ಲ ಅಲ್ಲಿಟ್ಟು ಬೆಳಗ್ಗೆ ನೋಡಿದರೆ ಒಳಗಿನ ನಿಜಸ್ಥಿತಿ ತಿಳಿಯುತ್ತದೆ. ಜ್ವರ ನೋಡುವುದು ಇದಕ್ಕೆ ಬಾರದು. ಸೊನ್ನೆಯಿಂದ ಮೊದಲಾಗುವುದು ಬೇಕು.

ತ್ಯಾಗರಾಜನಗರದ ಆ ಮನೆಯಲ್ಲಿ ಗ್ಯಾಸು ತುಂಬಿಸಲಿಲ್ಲ. ಸಂಜೆ ಮಗ ಕಚೇರಿಯಿಂದ ಬಂದಮೇಲೆ ಪೆಟ್ಟಿಗೆಯನ್ನು ಸಂದಿಯಿಂದ ನಡುಮನೆಗೆ ಎಳೆದು, ಧೂಳು ತೆಗೆದು, ತಲೆಯ ಮೇಲಿನ ಪತ್ರಿಕೆಗಳನ್ನು ಅಟ್ಟಕ್ಕೇರಿಸಿದ. ಮರುದಿನ ಬೆಳಗ್ಗೆ ಲೋಟದ ನೀರು 5 ಡಿಗ್ರಿ ತೋರಿಸಿತು. ಅಷ್ಟು ದಿನ ಬಿಸಿಯಲ್ಲಿದ್ದ ಶೀಷೆಗಳನ್ನು ಮಾತ್ರ ಸೊಸೆ ನಂಬಲಿಲ್ಲ. ವೈದ್ಯರನ್ನು ಕೇಳಿ ಹೊಸವನ್ನು ತಂದು ನಡುವಣ ಅರೆಯಲ್ಲಿಟ್ಟಳು.