ಎದೆ ಮೇಲೆ ವಿಸ್ಕಿ, ಕೈಯಲ್ಲಿ ನೀರೂ ಇಲ್ಲ

ನಮ್ಮ ಊರಿನ ಐಪಿಎಲ್ ತಂಡಕ್ಕೆ ಆ ಹೆಸರು ಎಲ್ಲಿಂದ ಬಂತು ಗೊತ್ತಲ್ವಾ? ಚಾಲೆಂಜ್ ಹಾಕೋ ಗಂಡೆದೆಯಿಂದ ಅಲ್ಲ ಸ್ವಾಮಿ, ರಾಯಲ್ ಚಾಲೆಂಜ್ ಅನ್ನೋ ವಿಸ್ಕಿ ಬಾಟಲಿಯಿಂದ. 2008ರಲ್ಲಿ ವಿಜಯ್ ಮಲ್ಯ 11.16 ಕೋಟಿ ಡಾಲರ್ ಕೊಟ್ಟು ತಂಡ ಕೊಂಡರು, ತಮ್ಮ ಬ್ರ್ಯಾಂಡಿನ ಹೆಸರನ್ನೇ ಇಟ್ಟರು. ಟಿವಿಯಲ್ಲಿ ಮದ್ಯದ ಜಾಹೀರಾತು ಹಾಕೋ ಹಾಗಿಲ್ಲ ಅಂತ ಕಾನೂನು ಹೇಳುತ್ತೆ. ಹಾಗಾಗಿ ಅದೇ ಹೆಸರಿನ ಸೋಡಾ, ಅದೇ ಹೆಸರಿನ ನೀರು, ಅದೇ ಹೆಸರಿನ ಕ್ರಿಕೆಟ್ ತಂಡ. ಆರು ವರ್ಷದ ಮಗು ಕೆಂಪು ಜೆರ್ಸಿ ಹಾಕ್ಕೊಂಡು ವಿಸ್ಕಿ ಹೆಸರು ಕೂಗುತ್ತೆ, ಅಪ್ಪ-ಅಮ್ಮ ವಿಡಿಯೋ ಮಾಡ್ತಾರೆ. ಅದರಲ್ಲಿ ಯಾರಿಗೂ ತಪ್ಪು ಕಾಣಲ್ಲ.

ಈಗ ಇಂಥ ಮ್ಯಾಚಿಗೆ ಹೋಗಿ, ಸಾಮಾನ್ಯ ಸ್ಟ್ಯಾಂಡಿನಲ್ಲಿ ಕೂತು, ಒಂದು ಗ್ಲಾಸ್ ಬಿಯರ್ ಕೇಳಿ ನೋಡಿ. ಪಕ್ಕದವರು ನಿಮ್ಮನ್ನ ನೋಡೋ ರೀತಿಯೇ ಬದಲಾಗುತ್ತೆ.

ನನ್ನ ವಾದ ಬಿಯರ್ ಬಗ್ಗೆ ಅಂತ ಅನ್ನಿಸಬಹುದು. ಅದು ಅರ್ಧ ಮಾತ್ರ. ಉಳಿದರ್ಧ, ಟಿಕೆಟ್ ಕೊಂಡು ಬಂದ ಅಭಿಮಾನಿಯನ್ನ ನಾವು ಅತಿಥಿ ಅಂತ ನೋಡ್ತೀವಾ ಅಥವಾ ಅನುಮಾನದ ಮೇಲೆ ಹಿಡಿದ ಆಸಾಮಿ ಅಂತ ನೋಡ್ತೀವಾ ಅನ್ನೋದು.

ಬೆಂಗಳೂರಿಗೂ ಬಿಯರಿಗೂ ನಂಟು ಹಳೇದು. ಯುನೈಟೆಡ್ ಬ್ರೂವರೀಸ್ ಶುರುವಾಗಿದ್ದು 1915ರಲ್ಲಿ. ಇವತ್ತು ಯುಬಿ ಸಿಟಿ ಅಂತ ಲಕ್ಷ ರೂಪಾಯಿ ಬ್ಯಾಗ್ ಮಾರೋ ಜಾಗದಲ್ಲಿ ಒಂದು ಕಾಲಕ್ಕೆ ಬಿಯರ್ ತಯಾರಾಗ್ತಿತ್ತು. ಕಬ್ಬನ್ ಪಾರ್ಕಿನ ಒಂದು ಬದಿಗೆ ಬಿಯರ್, ಇನ್ನೊಂದು ಬದಿಗೆ ಚಿನ್ನಸ್ವಾಮಿ ಸ್ಟೇಡಿಯಂ. 1974ರಲ್ಲಿ ಗ್ರೀನಿಜ್, ರಿಚರ್ಡ್ಸ್ ಇಬ್ಬರೂ ಅಲ್ಲೇ ಟೆಸ್ಟ್ ಕ್ರಿಕೆಟ್‌ಗೆ ಕಾಲಿಟ್ಟರು. 2010ರಲ್ಲಿ ಇಂದಿರಾನಗರದ ಟಾಯ್ಟ್ ಬಾಗಿಲು ತೆಗೀತು. ಆಮೇಲೆ ಊರಿನ ತುಂಬ ಮೈಕ್ರೋಬ್ರೂವರಿಗಳು. ಬಾಸ್ಮತಿ ಅಕ್ಕಿಯ ಬಿಯರ್, ರಾಗಿ ಬಿಯರ್, ಸೀಸನ್ ಬಂದ್ರೆ ಮಾವಿನ ಹಣ್ಣಿನ ಬಿಯರ್. ‘ಲೋಕಲ್ ಬಿಯರ್’ ಅಂತ ಹೆಮ್ಮೆಯಿಂದ ಹೇಳಿಕೊಳ್ಳೋ ಊರು ನಮ್ಮದು.

ಆದ್ರೆ ಆ ಲೋಕಲ್ ಹೆಚ್ಚಾಗಿ ಪೂರ್ವ ಬೆಂಗಳೂರಿನ ಲೋಕಲ್. ನಮ್ಮ ಕಡೆ ಕಥೆ ಬೇರೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದವರಿಗೆ ಮ್ಯಾಚ್ ಅಂದ್ರೆ ಒಂದು ಪ್ರವಾಸ. ರಾಜಾಜಿನಗರದವನು ಗ್ರೀನ್ ಲೈನ್ ಹತ್ತಿ ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಬೇಕು. ಕೆಂಗೇರಿಯವನು ಪರ್ಪಲ್ ಲೈನಿನಲ್ಲಿ ಕೂತರೆ ನೇರ ಕಬ್ಬನ್ ಪಾರ್ಕ್. ಬಸವೇಶ್ವರನಗರದವನಿಗೆ ಮೆಟ್ರೋನೇ ಇಲ್ಲ, ಮೊದಲು ಆಟೋದವರ ಹತ್ರ ಒಂದು ಮ್ಯಾಚ್ ಆಡಬೇಕು. ಏಳೂವರೆ ಮ್ಯಾಚಿಗೆ ನಾಲ್ಕಕ್ಕೇ ಮನೆ ಬಿಡ್ತೀವಿ.

ಬಿಡೋ ಮುಂಚೆ ಏನು ನಡೆಯುತ್ತೆ? ಮ್ಯಾಚಿನ ದಿನ ನಮ್ಮ ಏರಿಯಾದ ಯಾವುದಾದ್ರೂ ಸ್ಟ್ಯಾಂಡಿಂಗ್ ಬಾರಿಗೆ ಹೋಗಿ ನೋಡಿ. ಕೆಂಪು ಜೆರ್ಸಿಗಳ ಸಾಲು. 650 ಎಂಎಲ್ ಸ್ಟ್ರಾಂಗ್ ಬಿಯರ್, ಪಕ್ಕದಲ್ಲಿ ಕಾಂಗ್ರೆಸ್ ಕಡಲೆಬೀಜ. “ಒಳಗೆ ಸಿಗಲ್ಲ ಮಗಾ, ಇಲ್ಲೇ ಮುಗಿಸ್ಕೊ.” ಟೈಮ್ ಇಲ್ಲ ಅಂದ್ರೆ ಬಿಯರ್ ಹೋಗಿ ಕ್ವಾರ್ಟರ್ ಬರುತ್ತೆ. ದಾರಿಯಲ್ಲಿ ಬಾತ್‌ರೂಮ್ ಹುಡುಕೋ ಕಷ್ಟ ಇಲ್ಲ, ರೇಟೂ ಕಮ್ಮಿ, ಏಟೂ ಬೇಗ. ನಾಲ್ಕು ಗಂಟೆಯ ಆಟಕ್ಕೆ ಬೇಕಾದ್ದನ್ನ ಇಪ್ಪತ್ತು ನಿಮಿಷದಲ್ಲಿ ಹೊಟ್ಟೆಗೆ ಸುರಿದುಕೊಂಡು ಓಡೋದು. ನಿಷೇಧ ಕುಡಿತವನ್ನ ನಿಲ್ಲಿಸಲಿಲ್ಲ, ಗೇಟಿನಿಂದ ಹೊರಗೆ ತಳ್ಳಿತು ಅಷ್ಟೆ. ನಿಧಾನಕ್ಕೆ ಒಂದು ಲೋಟ ಹೀರಬಹುದಾಗಿದ್ದವನನ್ನ ಅವಸರದ ಕುಡುಕ ಮಾಡಿತು.

“ಹೆಂಗಸರು, ಮಕ್ಕಳು ಬರ್ತಾರಲ್ರೀ” ಅಂತೀರಿ. ಬರ್ಲೇಬೇಕು. ನನ್ನ ಅಕ್ಕನೂ ಬರ್ತಾಳೆ. ಆದ್ರೆ ಈಗ ಅವಳ ಪಕ್ಕ ಕೂರೋನು ಹೊರಗೇ ಕ್ವಾರ್ಟರ್ ಏರಿಸಿಕೊಂಡು ಬಂದವನು. ಅವನು ಎಷ್ಟು ಕುಡಿದಿದ್ದಾನೆ ಅನ್ನೋ ಲೆಕ್ಕ ಯಾರ ಹತ್ರನೂ ಇಲ್ಲ. ಮೆಲ್ಬರ್ನಿನ ಎಂಸಿಜಿಯಲ್ಲಿ ಸಾಮಾನ್ಯ ಪ್ರೇಕ್ಷಕರಿಗೆ ಕಡಿಮೆ ಖಾರದ ಬಿಯರ್ ಮಾರ್ತಾರೆ. ಕುಡಿಯದವರಿಗೆ ಬೇರೆ ಜಾಗವೇ ಇದೆ. ಲಾರ್ಡ್ಸ್‌ನಲ್ಲಿ ಟೆಸ್ಟ್ ನೋಡೋಕೆ ಬರೋರು ಮಿತಿಯೊಳಗೆ ತಮ್ಮದೇ ಬಿಯರ್ ತರಬಹುದು. ಅಲ್ಲಿ ಗಲಾಟೆ ಆಗೋದೇ ಇಲ್ಲ ಅಂತ ನಾನು ಹೇಳ್ತಿಲ್ಲ. ಗಲಾಟೆ ಮಾಡಿದವನನ್ನ ಹೊರಗೆ ಕಳಿಸ್ತಾರೆ, ಮಾಡದವನನ್ನ ಮನುಷ್ಯ ಅಂತ ನಡೆಸಿಕೊಳ್ತಾರೆ. ನಮ್ಮಲ್ಲಿ ಮೊದಲನೇದೂ ಸರಿಯಾಗಿ ಆಗಲ್ಲ, ಎರಡನೇದಂತೂ ಇಲ್ಲವೇ ಇಲ್ಲ.

ಬಿಯರ್ ಬಿಡಿ, ನೀರಿನ ಕಥೆ ನೋಡಿ. ಈ ದೇಶದ ಯಾವ ಊರಿನ ಸ್ಟೇಡಿಯಂಗೆ ಹೋದ್ರೂ ಗೇಟಿನಲ್ಲಿ ಒಂದು ರಾಶಿ ಕಾಣುತ್ತೆ: ನೀರಿನ ಬಾಟಲಿ, ಪವರ್ ಬ್ಯಾಂಕ್, ಚಿಲ್ಲರೆ ಕಾಸು. ಎಸೆಯಬಹುದಾದ ವಸ್ತು ಅಂತ ಕಿತ್ತುಕೊಳ್ತಾರೆ. ಕಾರಣ ಸರಿ ಅಂತಲೇ ಇಟ್ಕೊಳ್ಳೋಣ. ಆದ್ರೆ ಮೇ ತಿಂಗಳ ಸೆಖೆಯಲ್ಲಿ ನೀರು ಕಿತ್ತುಕೊಂಡ ಮೇಲೆ ಒಳಗೆ ನೀರು ಕೊಡೋದು ಯಾರ ಜವಾಬ್ದಾರಿ? ಅಭಿಮಾನಿ ಏನು ಎಸೀತಾನೆ ಅಂತ ಯೋಚಿಸೋಕೆ ನಮ್ಮಲ್ಲಿ ವ್ಯವಸ್ಥೆ ಇದೆ. ಅವನಿಗೆ ಬಾಯಾರಿಕೆ ಆಗುತ್ತೆ ಅಂತ ಯೋಚಿಸೋಕೆ ಇಲ್ಲ.

ಇದು ಸಣ್ಣ ವಿಷಯ ಅನ್ನೋರಿಗೆ 2025ರ ಜೂನ್ 4 ನೆನಪಿಸ್ತೀನಿ. ಹಿಂದಿನ ರಾತ್ರಿ ಅಹಮದಾಬಾದ್‌ನಲ್ಲಿ ಪಂಜಾಬನ್ನ 6 ರನ್ನಿಂದ ಸೋಲಿಸಿ, ಹದಿನೆಂಟನೇ ಸೀಸನ್‌ನಲ್ಲಿ ಕಪ್ ನಮ್ಮದಾಗಿತ್ತು. ವಿಜಯೋತ್ಸವಕ್ಕೆ ಬನ್ನಿ ಅಂತ ಕರೆ ಹೋಯಿತು. ಜನ ಬಂದರು. 35,000 ಜನ ಹಿಡಿಸೋ ಸ್ಟೇಡಿಯಂ, ಹೊರಗೆ ಲಕ್ಷಗಟ್ಟಲೆ ಜನ, ಮುಚ್ಚಿದ ಗೇಟು. 11 ಜನ ಸತ್ತರು. ಅದರಲ್ಲಿ ಒಬ್ಬಳು ಶಾಲೆಗೆ ಹೋಗೋ ಹುಡುಗಿ.

ಅವತ್ತು ಸಂಜೆ ಬಂದ ಮೊದಲ ವಿವರಣೆ ಏನು? ‘ನಿರೀಕ್ಷೆಗಿಂತ ಜಾಸ್ತಿ ಜನ ಬಂದ್ರು.’ ಕರೆದವರ ಬಾಯಲ್ಲಿ ಈ ಮಾತು! ನಮ್ಮ ವಾಟ್ಸಾಪ್ ಗ್ರೂಪುಗಳಂತೂ ಇನ್ನೂ ಮುಂದೆ ಹೋದವು: ಹುಚ್ಚು ಅಭಿಮಾನಿಗಳು, ಕೆಲಸವಿಲ್ಲದವರು, ಕುಡುಕರು. ಜನ ಸತ್ತಿದ್ದು ಹುಚ್ಚಿನಿಂದಲೂ ಅಲ್ಲ, ಕುಡಿತದಿಂದಲೂ ಅಲ್ಲ. ಹೋಗೋಕೆ ದಾರಿ ಇಲ್ಲದೆ ಸತ್ತರು. ಆಮೇಲೆ ನ್ಯಾಯಮೂರ್ತಿ ಮೈಕೆಲ್ ಡಿ’ಕುನ್ಹಾ ಆಯೋಗ ಹೇಳಿದ್ದೂ ಗೇಟು, ಸರದಿ ನಿಲ್ಲೋ ಜಾಗ, ತುರ್ತು ದಾರಿಗಳ ವಿಷಯವನ್ನೇ. ಭಾರಿ ಜನಸಂದಣಿಗೆ ಈ ಸ್ಟೇಡಿಯಂ ಸುರಕ್ಷಿತ ಅಲ್ಲ ಅಂತ ವರದಿ ಬಂತು. ಮಹಿಳಾ ವಿಶ್ವಕಪ್ ಪಂದ್ಯಗಳು ಬೆಂಗಳೂರು ಬಿಟ್ಟು ನವಿ ಮುಂಬೈಗೆ ಹೋದವು.

ನನಗೆ ಇವೆರಡೂ ಒಂದೇ ಕಾಯಿಲೆಯ ಲಕ್ಷಣ ಅನ್ನಿಸುತ್ತೆ. ಒಂದು ಲೋಟ ಬಿಯರ್ ಕೊಟ್ಟರೆ ಇವನು ಮೃಗ ಆಗ್ತಾನೆ ಅನ್ನೋ ಮನಸ್ಸೇ, ಗೇಟು ಮುಚ್ಚಿ ಲಾಠಿ ತೋರಿಸಿದರೆ ಸಾಕು ಅಂತಲೂ ಯೋಚಿಸುತ್ತೆ. ಗುಂಪನ್ನ ಅಪಾಯ ಅಂತ ನೋಡಿದಾಗ ಬೇಲಿ ಕಟ್ತೀವಿ, ಅತಿಥಿ ಅಂತ ನೋಡಿದಾಗ ದಾರಿ ಮಾಡ್ತೀವಿ.

ಹಾಗಾದ್ರೆ ಏನು ಮಾಡಬೇಕು? ಮೊದಲು, ಪ್ರತಿ ಸ್ಟ್ಯಾಂಡಿನಲ್ಲೂ ಪುಕ್ಕಟೆ ಕುಡಿಯೋ ನೀರು, ಕ್ಯೂ ನಿಲ್ಲೋಕೆ ರಸ್ತೆಯಿಂದ ದೂರ ಜಾಗ, ಸಾಕಷ್ಟು ಗೇಟು. ಇದು ಆಗೋವರೆಗೆ ಬೇರೆ ಮಾತೇ ಬೇಡ. ಆಮೇಲೆ ಬಿಯರ್. ಲೈಟ್ ಬಿಯರ್, ಪೇಪರ್ ಲೋಟದಲ್ಲಿ, ವಯಸ್ಸು ನೋಡಿ, ತಲೆಗೆ ಎರಡು, ಕೊನೆಯ ಐದು ಓವರ್ ಮುಂಚೆ ಕೌಂಟರ್ ಬಂದ್. ಬೇಡ ಅನ್ನೋರಿಗೆ ಮದ್ಯವಿಲ್ಲದ ಸ್ಟ್ಯಾಂಡುಗಳು. ಪಕ್ಕದಲ್ಲೇ ಮೆಟ್ರೋ ಇರೋ ಸ್ಟೇಡಿಯಂ ಇದು. ವಿಜಯನಗರದವನು ಗಾಡಿ ಓಡಿಸೋ ಅಗತ್ಯವೇ ಇಲ್ಲ, ಕೊನೆಯ ರೈಲು ಮ್ಯಾಚ್ ಮುಗಿಯೋವರೆಗೆ ಕಾದರೆ ಸಾಕು.

ಇದು ಆಗಲ್ಲ, ಮದ್ಯ ಕೆಟ್ಟದ್ದು ಅಂತೀರಾ? ಒಪ್ಪಿದೆ. ನಿಜವಾಗಲೂ ಹಾಗೆ ನಂಬೋರ ಮೇಲೆ ನನಗೆ ಗೌರವ ಇದೆ. ಹಾಗಿದ್ರೆ ಮೊದಲು ತಂಡದ ಹೆಸರು ಬದಲಾಯಿಸಿ. 2024ರಲ್ಲಿ ಬ್ಯಾಂಗಲೋರ್ ಹೋಗಿ ಬೆಂಗಳೂರು ಆಯ್ತು, ಎಲ್ಲರೂ ಕುಣಿದ್ವಿ. ಆದ್ರೆ ಆ ಹೆಸರಿನ ಮುಂದಿರೋ ವಿಸ್ಕಿ ಅಲ್ಲೇ ಉಳೀತು. ಬದಲಾಯಿಸೋದು ಗೊತ್ತಿದ್ದವರಿಗೆ ಅದನ್ನೂ ಬದಲಾಯಿಸೋದು ಕಷ್ಟ ಅಲ್ಲ.